ಒಂದು ಬಾಗಿಲು, ಹಲವು ಮನೆಗಳು

ಹಳೆಯ ಊರುಗಳ ವಠಾರಗಳನ್ನು ಕಂಡವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಬೀದಿಯ ಕಡೆಗೆ ಇರುವುದು ಒಂದೇ ಬಾಗಿಲು. ಆ ಬಾಗಿಲಿನ ಮೇಲೆ ಪುರಸಭೆಯವರು ಬರೆಸಿದ ಒಂದೇ ಸಂಖ್ಯೆ. ಒಳಹೊಕ್ಕರೆ ನಡುವಣ ಅಂಗಳದ ಸುತ್ತಲೂ ಐದಾರು ಸಂಸಾರಗಳು. ಅಂಚೆಯವನು ಕಾಗದ ತಂದಾಗ ಬಾಗಿಲಿನ ಸಂಖ್ಯೆ ಅವನನ್ನು ವಠಾರದವರೆಗೆ ಮಾತ್ರ ಕರೆತರುತ್ತದೆ. ಅಲ್ಲಿಂದ ಮುಂದೆ ಕಾಗದವು ಯಾರ ಕೈ ಸೇರತಕ್ಕದ್ದೆಂಬುದನ್ನು ಲಕೋಟೆಯ ಮೇಲಿನ ಹೆಸರು ನಿರ್ಣಯಿಸುತ್ತದೆ. ಹೆಸರಿಲ್ಲದೆ ಸಂಖ್ಯೆಯನ್ನಷ್ಟೇ ಹೊತ್ತ ಕಾಗದವೊಂದು ಬಂದರೆ ಅವನು ಮೊದಲು ಎದುರಾದ ಮನೆಯಲ್ಲಿಯೇ ಅದನ್ನು ಕೊಟ್ಟು ಹೋಗುವನು.

ಇಂದಿನ ಅಂತರ್ಜಾಲದಲ್ಲಿಯೂ ಇಂತಹ ವಠಾರಗಳಿವೆ. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಗೆ ಅಂತರ್ಜಾಲದ ಸಂಪರ್ಕ ಒಂದೇ. ತಂದೆಯು ಇಪ್ಪತ್ತು ವರ್ಷಗಳಿಂದ ಬರೆದಿಟ್ಟ ಮಳೆಯ ಲೆಕ್ಕವನ್ನು ಜಗತ್ತಿನ ಮುಂದಿಡಬಯಸುತ್ತಾನೆ; ತಾಯಿಯು ತಾನು ಸಂಗ್ರಹಿಸಿದ ಹಳ್ಳಿಯ ಹಾಡುಗಳನ್ನು; ಕಾಲೇಜಿನಲ್ಲಿ ಓದುವ ಮಗಳು ತನ್ನ ಆಕಾಶವೀಕ್ಷಣೆಯ ಟಿಪ್ಪಣಿಗಳನ್ನು. ಮೂರಕ್ಕೂ ಮೂರು ಬೇರೆ ಬೇರೆ ಜಾಲತಾಣಗಳಾಗಬೇಕು. ಬಾಡಿಗೆಯ ಯಂತ್ರವನ್ನು ಆಶ್ರಯಿಸದೆ, ಮನೆಯ ಮೇಜಿನ ಮೇಲಿನ ಒಂದೇ ಗಣಕಯಂತ್ರದಿಂದ ಈ ಮೂರನ್ನೂ ನಡೆಸಬಹುದೆ? ನಡೆಸಬಹುದು. ಅದು ಹೇಗೆ ಸಾಧ್ಯವಾಯಿತು, ಅದಕ್ಕೆ ಈಗ ಒದಗಿರುವ ತೊಡಕು ಯಾವುದು ಎಂಬುದೇ ಈ ಪಾಠದ ವಿಷಯ.

ಸರ್ವರ್ ಎಂದರೇನು?

ಸರ್ವರ್ ಎಂದೊಡನೆ ತಂಪುಗಾಳಿಯ ದೊಡ್ಡ ಭವನಗಳಲ್ಲಿ ಸಾಲುಗಟ್ಟಿ ನಿಂತ ಯಂತ್ರಗಳು ಕಣ್ಣಮುಂದೆ ಬರುತ್ತವೆ. ಆದರೆ ಸರ್ವರ್ ಎಂಬುದು ಯಂತ್ರದ ಜಾತಿಯಲ್ಲ, ಅದರ ಕೆಲಸ. ಕೇಳಿದವರಿಗೆ ಕೇಳಿದ ಕಡತವನ್ನು ಕಳುಹಿಸಲು ಸದಾ ಸಿದ್ಧವಾಗಿರುವ ಯಾವ ಗಣಕಯಂತ್ರವಾದರೂ ಸರ್ವರೇ. 1990ರ ಕೊನೆಯಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ನಡೆಯಿಸಿದ ಜಗತ್ತಿನ ಮೊತ್ತಮೊದಲ ವೆಬ್ ಸರ್ವರ್ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಎಂಬ ಗಣಕಯಂತ್ರವೇ ಆಗಿದ್ದಿತು. ಯಾರಾದರೂ ಅರಿಯದೆ ಅದನ್ನು ಆರಿಸಿಬಿಟ್ಟಾರೆಂದು, ಇದು ಸರ್ವರ್, ಆರಿಸಕೂಡದು ಎಂಬ ಅರ್ಥದ ಚೀಟಿಯೊಂದನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು.

ಇಂದು ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕಯಂತ್ರವೂ ಈ ಕೆಲಸಕ್ಕೆ ಸಾಕು. ಅದು ಸುಮಾರು 5 ವಾಟ್ ವಿದ್ಯುತ್ತನ್ನು ಬಳಸುತ್ತದೆಂದಿಟ್ಟುಕೊಂಡರೆ ದಿನಕ್ಕೆ 120 ವಾಟ್-ಗಂಟೆ, ಅಂದರೆ ಮೂವತ್ತು ದಿನಗಳ ತಿಂಗಳಿಗೆ 3.6 ಯೂನಿಟ್ ಮಾತ್ರ. ಆದುದರಿಂದ ತೊಡಕು ಯಂತ್ರದಲ್ಲಿಲ್ಲ, ವಿಳಾಸದಲ್ಲಿದೆ.

ಸಂಖ್ಯೆಯೂ ಹೆಸರೂ

ಅಂತರ್ಜಾಲದಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸವೆಂಬ ಸಂಖ್ಯೆಯಿಂದ. 1981ರಲ್ಲಿ ಗೊತ್ತುಪಡಿಸಿದ ನಾಲ್ಕನೆಯ ಆವೃತ್ತಿಯಲ್ಲಿ ಈ ಸಂಖ್ಯೆಗೆ 32 ಬಿಟ್‌ಗಳು. ಓದುವ ಅನುಕೂಲಕ್ಕಾಗಿ ಅದನ್ನು 203.0.113.25 ಎಂಬಂತೆ ನಾಲ್ಕು ಭಾಗಗಳಾಗಿ ಬರೆಯುವುದು ರೂಢಿ. ಒಂದೊಂದು ಭಾಗವೂ 0ಯಿಂದ 255ರವರೆಗೆ ಇರಬಹುದು. ಹೀಗೆ ಒಟ್ಟು ದೊರೆಯುವ ಸಂಖ್ಯೆಗಳು 2ರ 32ನೆಯ ಘಾತ, ಅಂದರೆ 4,29,49,67,296. ಜಗತ್ತಿನ ಜನಸಂಖ್ಯೆ ಎಂಟು ನೂರು ಕೋಟಿಯನ್ನು ದಾಟಿರುವಾಗ ತಲೆಗೊಂದರಂತೆಯೂ ಇವು ಸಾಲವು ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಸಂಖ್ಯೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಷ್ಟೆ. ಆದ ಕಾರಣ ಯಂತ್ರಗಳಿಗೆ ಹೆಸರುಗಳನ್ನೂ ಇಟ್ಟರು. ಮೊದಮೊದಲು ಎಲ್ಲ ಹೆಸರುಗಳ ಒಂದೇ ಪಟ್ಟಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಇರಿಸಲಾಗಿದ್ದಿತು. ಯಂತ್ರಗಳು ಹೆಚ್ಚಿದಂತೆಲ್ಲ ಆ ಪಟ್ಟಿಯನ್ನು ನಡೆಸುವುದು ದುಸ್ತರವಾಗಲು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಡಿಎನ್ಎಸ್ ಎಂಬ ಹೆಸರಿನ ವ್ಯವಸ್ಥೆಯನ್ನು ರೂಪಿಸಿದರು. ಹೆಸರನ್ನು ಕೊಟ್ಟು ಸಂಖ್ಯೆಯನ್ನು ಕೇಳುವ, ಲೋಕದಾದ್ಯಂತ ಹಂಚಿಹೋದ ದೊಡ್ಡದೊಂದು ಕೋಶ ಇದೆಂದು ತಿಳಿಯಬಹುದು. ನಮ್ಮ ಪಾಠಕ್ಕೆ ಇದರಲ್ಲಿ ಮುಖ್ಯವಾದುದು ಒಂದೇ: ಹಲವು ಹೆಸರುಗಳು ಒಂದೇ ಸಂಖ್ಯೆಯನ್ನು ತೋರಿಸಬಹುದು. ಸಂಖ್ಯೆಗಳು ಮಿತವಾದುವು, ಹೆಸರುಗಳಿಗೆ ಅಂತಹ ಮಿತಿಯಿಲ್ಲ.

ನಮ್ಮ ಉದಾಹರಣೆಯ ಮೂರು ತಾಣಗಳನ್ನು ಮಳೆ.ಎಗ್ಸಾಂಪಲ್, ಹಾಡು.ಎಗ್ಸಾಂಪಲ್, ತಾರೆ.ಎಗ್ಸಾಂಪಲ್ ಎಂದು ಕರೆಯೋಣ. ಎಗ್ಸಾಂಪಲ್ ಎಂಬ ಕೊನೆಯ ಪದವನ್ನು ಪಾಠಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ 1999ರಲ್ಲಿ ಮೀಸಲಾಗಿರಿಸಿದ್ದಾರೆ. ಮೂರು ಹೆಸರುಗಳೂ 203.0.113.25 ಎಂಬ ಒಂದೇ ಸಂಖ್ಯೆಯನ್ನು ತೋರಿಸುತ್ತವೆಯೆಂದು ಭಾವಿಸೋಣ.

ಮರೆತುಹೋದ ಹೆಸರು

ಈಗ ಪ್ರಶ್ನೆ ಏಳುತ್ತದೆ. ಓದುಗನೊಬ್ಬನು ತನ್ನ ಬ್ರೌಸರಿನಲ್ಲಿ ಹಾಡಿನ ತಾಣದ ಹೆಸರನ್ನು ಬರೆದನು. ಬ್ರೌಸರು ಡಿಎನ್ಎಸ್ಸನ್ನು ಕೇಳಿ ಸಂಖ್ಯೆಯನ್ನು ಪಡೆದು ಮನೆಯ ಬಾಗಿಲಿಗೆ ಬಂದಿತು. ಆದರೆ ಸಂಖ್ಯೆಯು ಮೂರು ತಾಣಗಳಿಗೂ ಒಂದೇ ಆಗಿರುವಾಗ, ಬಂದವರು ಯಾರನ್ನು ಅರಸಿ ಬಂದರೆಂಬುದು ಸರ್ವರಿಗೆ ತಿಳಿಯುವ ಬಗೆ ಹೇಗೆ?

ಮೊದಲಲ್ಲಿ ತಿಳಿಯುತ್ತಲೇ ಇರಲಿಲ್ಲ. 1991ರ ಎಚ್‌ಟಿಟಿಪಿ ನಿಯಮದಲ್ಲಿ ಬ್ರೌಸರು ಸರ್ವರಿಗೆ ಹೇಳುತ್ತಿದ್ದುದು ಒಂದೇ ಸಾಲು: ಇಂತಹ ಪುಟವನ್ನು ಕೊಡು. ತಾಣದ ಹೆಸರು ಸಂಖ್ಯೆಯಾಗಿ ಮಾರ್ಪಟ್ಟ ಕೂಡಲೇ ದಾರಿಯಲ್ಲಿ ಬಿಟ್ಟುಹೋಗುತ್ತಿತ್ತು. ಒಂದು ಯಂತ್ರ, ಒಂದು ತಾಣ ಎಂದಿದ್ದ ಕಾಲದಲ್ಲಿ ಇದು ಕೊರತೆಯೆಂದು ಯಾರಿಗೂ ತೋರಿರಲಿಲ್ಲ. ಕೆಲವೇ ವರ್ಷಗಳಲ್ಲಿ ತಾಣಗಳು ಸಾವಿರಗಟ್ಟಲೆ ಹುಟ್ಟಲು, ಒಂದೊಂದು ತಾಣಕ್ಕೂ ಒಂದೊಂದು ಹೊಸ ಸಂಖ್ಯೆ ಬೇಕಾಯಿತು. ಮಿತವಾದ ಸಂಖ್ಯೆಗಳು ವೃಥಾ ವ್ಯಯವಾಗತೊಡಗಿದವು.

ಇದಕ್ಕೆ ಕಂಡುಕೊಂಡ ಪರಿಹಾರ ಬಹು ಸರಳವಾದುದು. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿಯ 1.1ನೆಯ ಆವೃತ್ತಿಯು, ಕೋರಿಕೆಯೊಡನೆ ತಾಣದ ಹೆಸರನ್ನೂ ಬರೆದು ಕಳುಹಿಸುವುದನ್ನು ಕಡ್ಡಾಯ ಮಾಡಿತು. ಅಂದಿನಿಂದ ಕೋರಿಕೆ ಹೀಗಿರುತ್ತದೆ:

ಗೆಟ್ /ಸೋಬಾನೆ
ಹೋಸ್ಟ್: ಹಾಡು.ಎಗ್ಸಾಂಪಲ್

ಎರಡನೆಯ ಸಾಲೇ ಲಕೋಟೆಯ ಮೇಲಿನ ಹೆಸರು. ಆ ಸಾಲಿಲ್ಲದ 1.1 ಆವೃತ್ತಿಯ ಕೋರಿಕೆಯನ್ನು 400 ಎಂಬ ದೋಷಸಂಖ್ಯೆಯೊಡನೆ ಹಿಂದಿರುಗಿಸತಕ್ಕದ್ದೆಂದೂ ನಿಯಮವಿದೆ. ಈ ಒಂದು ಸಾಲಿನಿಂದಾಗಿ ಒಂದು ಸಂಖ್ಯೆಯ ಹಿಂದೆ ಮೂರಲ್ಲ, ಮುನ್ನೂರು ತಾಣಗಳಿರಲು ಸಾಧ್ಯವಾಯಿತು. 1995ರಲ್ಲಿ ಹೊರಬಂದ ಅಪಾಚೆ, 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಮೊದಲಾದ ಸರ್ವರ್ ತಂತ್ರಾಂಶಗಳು ಹೋಸ್ಟ್ ಸಾಲನ್ನು ಓದಿ, ಮಳೆಯನ್ನು ಕೇಳಿದವರಿಗೆ ಒಂದು ಕಡತಕೋಶದಿಂದಲೂ ಹಾಡನ್ನು ಕೇಳಿದವರಿಗೆ ಇನ್ನೊಂದರಿಂದಲೂ ಪುಟಗಳನ್ನು ತೆಗೆದುಕೊಡುತ್ತವೆ. ತಾಣಗಳು ಮನೆಯೊಳಗೆ ಬೇರೆ ಬೇರೆ ಯಂತ್ರಗಳಲ್ಲಿದ್ದರೆ, ಬಾಗಿಲಲ್ಲಿ ನಿಂತ ಒಂದು ಯಂತ್ರವು ಹೆಸರನ್ನು ನೋಡಿ ಕೋರಿಕೆಯನ್ನು ತಕ್ಕ ಯಂತ್ರಕ್ಕೆ ದಾಟಿಸಬಹುದು. ಇಂತಹ ಬಾಗಿಲುಗಾರನಿಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು.

ಹೆಸರು ಕನ್ನಡದಲ್ಲಿಯೇ ಇದ್ದರೆ ಹೇಗೆ ಎಂದು ಕೆಲವರು ಕೇಳಬಹುದು. ಕನ್ನಡ ಲಿಪಿಯಲ್ಲಿ .ಭಾರತ ಎಂದು ಕೊನೆಗೊಳ್ಳುವ ಹೆಸರುಗಳು ಈಗ ಬಳಕೆಯಲ್ಲಿವೆ. ಆದರೆ ಹಳೆಯ ಡಿಎನ್ಎಸ್ ವ್ಯವಸ್ಥೆಯು ರೋಮನ್ ಅಕ್ಷರ, ಅಂಕಿ, ಅಡ್ಡಗೆರೆಗಳಿಗೆ ಹೊಂದಿಕೊಂಡದ್ದು. ಆದುದರಿಂದ ಪ್ಯೂನಿಕೋಡ್ ಎಂಬ 2003ರ ವಿಧಾನದಂತೆ ಬ್ರೌಸರು ಕನ್ನಡದ ಹೆಸರಿಗೆ ರೋಮನ್ ಅಕ್ಷರಗಳ ವೇಷ ತೊಡಿಸಿ ಕಳುಹಿಸುತ್ತದೆ. ಬಾಗಿಲುಗಾರನಿಗೆ ಕಾಣುವುದು ಆ ವೇಷ; ಓದುಗನಿಗೆ ಕಾಣುವುದು ಕನ್ನಡ.

ಬೀಗ ತಂದ ತೊಂದರೆ

ಇಂದಿನ ತಾಣಗಳೆಲ್ಲ ಬಹುಮಟ್ಟಿಗೆ ಗುಪ್ತಲಿಪಿಯಲ್ಲಿಯೇ ಮಾತನಾಡುತ್ತವೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಎಂದಿರುವುದು ಇದರ ಸೂಚನೆ. ಮಾತು ಆರಂಭವಾಗುವ ಮೊದಲು ಸರ್ವರು ತಾನು ಇಂತಹ ತಾಣವೇ ಹೌದೆಂಬ ಪ್ರಮಾಣಪತ್ರವನ್ನು ತೋರಿಸಬೇಕು. ಇಲ್ಲಿ ಒಂದು ವಿಚಿತ್ರವಾದ ಬಿಕ್ಕಟ್ಟು ಉಂಟಾಯಿತು. ಹೋಸ್ಟ್ ಸಾಲು ಬರುವುದು ಗುಪ್ತಲಿಪಿ ಏರ್ಪಟ್ಟ ಮೇಲೆ. ಗುಪ್ತಲಿಪಿ ಏರ್ಪಡಲು ಪ್ರಮಾಣಪತ್ರ ಬೇಕು. ಯಾವ ತಾಣದ ಪ್ರಮಾಣಪತ್ರವನ್ನು ತೋರಿಸುವುದೆಂದು ತಿಳಿಯಲು ಹೋಸ್ಟ್ ಸಾಲು ಬೇಕು! ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಸಿಕ್ಕಿಕೊಂಡಂತಾಯಿತು.

2003ರಲ್ಲಿ ಪ್ರಕಟವಾದ ಎಸ್ಎನ್ಐ ಎಂಬ ವಿಸ್ತರಣೆಯು ಇದನ್ನು ಬಿಡಿಸಿತು. ಅದರಂತೆ ಬ್ರೌಸರು ತನ್ನ ಮೊದಲ ವಂದನೆಯಲ್ಲಿಯೇ ತಾಣದ ಹೆಸರನ್ನು ಹೇಳಿಬಿಡುತ್ತದೆ. ಆದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಈ ವಿಸ್ತರಣೆಯನ್ನು ಅರಿಯದಿದ್ದುದರಿಂದ, ಅದು ಬಳಕೆಯಿಂದ ಮರೆಯಾಗುವವರೆಗೆ ಅನೇಕರು ಇದನ್ನು ನೆಚ್ಚಲು ಹಿಂಜರಿದರು. 2015ರ ಡಿಸೆಂಬರಿನಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಪ್ರಮಾಣಪತ್ರಗಳನ್ನು ಸಾರ್ವಜನಿಕರಿಗೆ ಹಣವಿಲ್ಲದೆ ಕೊಡುತ್ತ ಬಂದಿರುವುದರಿಂದ ಮನೆಯ ಮೂರು ತಾಣಗಳಿಗೂ ಬೀಗ ಹಾಕುವ ಖರ್ಚು ಉಳಿದಿದೆ. ಒಂದು ಎಚ್ಚರಿಕೆ ಮಾತ್ರ ಇಲ್ಲಿ ಅವಶ್ಯ: ಆ ಮೊದಲ ವಂದನೆಯಲ್ಲಿ ಹೆಸರು ಸಾಮಾನ್ಯವಾಗಿ ಬಹಿರಂಗವಾಗಿಯೇ ಹೋಗುತ್ತದೆ. ಏನು ಓದಿದರೆಂಬುದು ದಾರಿಯಲ್ಲಿರುವವರಿಗೆ ಕಾಣದಿದ್ದರೂ ಯಾವ ತಾಣಕ್ಕೆ ಬಂದರೆಂಬುದು ಕಾಣಬಹುದು.

ಮನೆಯ ಹೊಸ್ತಿಲು

ಇಷ್ಟು ತಿಳಿದ ಬಳಿಕ ಮನೆಯ ಹೊಸ್ತಿಲಿಗೆ ಬರೋಣ. ಅಲ್ಲಿ ರೌಟರ್ ಎಂಬ ಪೆಟ್ಟಿಗೆಯಿರುತ್ತದೆ. ಹೊರಗಿನ ಸಂಖ್ಯೆ ಅದರದು. ಒಳಗಿನ ಯಂತ್ರಗಳಿಗೆ ಅದು 192.168 ಎಂದು ಆರಂಭವಾಗುವ ಖಾಸಗಿ ಸಂಖ್ಯೆಗಳನ್ನು ಹಂಚುವುದು ಸಾಮಾನ್ಯ. ಈ ಖಾಸಗಿ ಸಂಖ್ಯೆಗಳು ಮನೆಮನೆಯಲ್ಲಿಯೂ ಮತ್ತೆ ಮತ್ತೆ ಬರುವುದರಿಂದ ಹೊರಗೆ ಅವಕ್ಕೆ ಬೆಲೆಯಿಲ್ಲ. ಒಳಗಿನ ಯಂತ್ರವು ಹೊರಗೆ ಏನನ್ನಾದರೂ ಕೇಳಿದಾಗ ರೌಟರು ಅದನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಕೇಳಿದವರಿಗೆ ತಲುಪಿಸುತ್ತದೆ. ಆದರೆ ಹೊರಗಿನಿಂದ ತಾನಾಗಿ ಬಂದ ಅತಿಥಿಯ ವಿಷಯ ಆ ಪುಸ್ತಕದಲ್ಲಿರುವುದಿಲ್ಲ. ರೌಟರು ಅವನನ್ನು ಹಿಂದಿರುಗಿಸುತ್ತದೆ.

ಆದುದರಿಂದ ಮನೆಯವರು ರೌಟರಿಗೆ ಆಜ್ಞೆಯೊಂದನ್ನು ಕೊಟ್ಟಿರಬೇಕು. ಒಂದೊಂದು ಸಂಖ್ಯೆಯಲ್ಲಿಯೂ 0ಯಿಂದ 65,535ರವರೆಗೆ ಪೋರ್ಟ್ ಎಂಬ ದ್ವಾರಗಳಿವೆ. ಸಾಮಾನ್ಯ ವೆಬ್ ಕೋರಿಕೆಗೆ 80ನೆಯದೂ ಗುಪ್ತಲಿಪಿಯ ಕೋರಿಕೆಗೆ 443ನೆಯದೂ ಮೀಸಲು. ಈ ಎರಡು ದ್ವಾರಗಳಿಗೆ ಬಂದವರನ್ನು ಒಳಗಿನ ಸರ್ವರಿಗೆ ಕಳುಹಿಸೆಂಬ ಆಜ್ಞೆ ಸಾಕು. ಮೂರು ತಾಣಗಳಿಗೆ ಆರು ದ್ವಾರಗಳು ಬೇಡ. ಬೇರ್ಪಡಿಸುವ ಕೆಲಸವನ್ನು ಹೆಸರು ನೋಡಿಕೊಳ್ಳುತ್ತದೆ.

ಮನೆಯ ಸಂಪರ್ಕದ ಸಂಖ್ಯೆ ಅನೇಕ ವೇಳೆ ಸ್ಥಿರವಲ್ಲ, ಆಗಾಗ ಬದಲಾಗುತ್ತದೆ. ಅದಕ್ಕಾಗಿ ಮನೆಯ ಯಂತ್ರವೇ ತನ್ನ ಈಗಿನ ಸಂಖ್ಯೆಯನ್ನು ಡಿಎನ್ಎಸ್ಸಿಗೆ ತಿಳಿಸುತ್ತಿರುವಂತೆ ಏರ್ಪಡಿಸಬಹುದು. ಡಿಎನ್ಎಸ್ಸಿನ ಉತ್ತರವನ್ನು ಇತರರು ಎಷ್ಟು ಹೊತ್ತು ನೆನಪಿಡಬಹುದೆಂಬ ಅವಧಿಯನ್ನು 300 ಸೆಕೆಂಡುಗಳಿಗೆ ಇಳಿಸಿಟ್ಟರೆ, ಸಂಖ್ಯೆ ಬದಲಾದರೂ ಓದುಗರು ದಾರಿ ತಪ್ಪುವುದು ಬಹುಮಟ್ಟಿಗೆ ಐದು ನಿಮಿಷ ಮಾತ್ರ.

ಕೊಡುವ ದಾರಿ ಕಿರಿದು

ಮನೆಯ ಸಂಪರ್ಕಗಳನ್ನು ತರಿಸಿಕೊಳ್ಳುವವರಿಗಾಗಿ ಕಟ್ಟಿದ್ದಾರೆ, ಕೊಡುವವರಿಗಾಗಿ ಅಲ್ಲ. ದೂರವಾಣಿಯ ತಾಮ್ರದ ತಂತಿಯ ಮೇಲೆ ನಡೆಯುವ ಎಡಿಎಸ್ಎಲ್ ವಿಧಾನದಲ್ಲಿ ಹೊರಗೆ ಹೋಗುವ ಸಂಕೇತಗಳಿಗೆ ಸುಮಾರು 26ರಿಂದ 138 ಕಿಲೋಹರ್ಟ್ಸ್‌ವರೆಗಿನ ಕಿರುಪಟ್ಟಿಯನ್ನೂ ಒಳಗೆ ಬರುವುವಕ್ಕೆ 138ರಿಂದ 1,104 ಕಿಲೋಹರ್ಟ್ಸ್‌ವರೆಗಿನ ವಿಶಾಲ ಪಟ್ಟಿಯನ್ನೂ ಬಿಟ್ಟಿದ್ದರು. ಬಳಕೆಯಲ್ಲಿರುವ ಜಿಪಾನ್ ಎಂಬ ಬೆಳಕಿನ ತಂತುವಿನ ವಿಧಾನದಲ್ಲಿಯೂ, ಹಲವು ಮನೆಗಳು ಹಂಚಿಕೊಳ್ಳುವ ತಂತುವೊಂದರಲ್ಲಿ ಬರುವ ವೇಗ ಸೆಕೆಂಡಿಗೆ 2.488 ಗಿಗಾಬಿಟ್, ಹೋಗುವ ವೇಗ ಅದರ ಅರ್ಧ.

ಒಂದು ಲೆಕ್ಕ ಮಾಡಿ ನೋಡೋಣ. ಮನೆಯಿಂದ ಹೊರಗೆ ಹೋಗುವ ವೇಗ ಸೆಕೆಂಡಿಗೆ 20 ಮೆಗಾಬಿಟ್ ಆಗಿರಲಿ. ಚಿತ್ರಗಳಿಂದ ತುಂಬಿದ 2 ಮೆಗಾಬೈಟಿನ ಪುಟವೆಂದರೆ 16 ಮೆಗಾಬಿಟ್. ಒಬ್ಬ ಓದುಗನಿಗೆ 0.8 ಸೆಕೆಂಡು ಸಾಕು. ಏಕಕಾಲದಲ್ಲಿ ಹತ್ತು ಮಂದಿ ಬಂದರೆ 8 ಸೆಕೆಂಡು. ಅದೇ ಪುಟವನ್ನು ಹಗುರಗೊಳಿಸಿ 50 ಕಿಲೋಬೈಟಿಗೆ, ಅಂದರೆ 0.4 ಮೆಗಾಬಿಟ್ಟಿಗೆ ತಂದರೆ ನೂರು ಮಂದಿಗೂ 2 ಸೆಕೆಂಡಿನಲ್ಲಿ ತಲುಪುತ್ತದೆ. ಮನೆಯಿಂದ ತಾಣ ನಡೆಸುವವನು ಕಲಿಯುವ ಮೊದಲ ಪಾಠ ಮಿತವ್ಯಯ. ಮೂರು ತಾಣಗಳೂ ಒಂದೇ ದಾರಿಯನ್ನು ಹಂಚಿಕೊಳ್ಳುವುದರಿಂದ, ಮಗಳ ತಾರೆಗಳಿಗೆ ಜನ ಮುತ್ತಿದ ದಿನ ತಂದೆಯ ಮಳೆಯೂ ನಿಧಾನವಾಗುತ್ತದೆ.

ಬಾಗಿಲೇ ಇಲ್ಲದ ಮನೆ

ಈವರೆಗೆ ಹೇಳಿದುದೆಲ್ಲವೂ ಮನೆಗೆ ಹೊರಗಿನ ಸಂಖ್ಯೆಯೊಂದು ಇದೆಯೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಗೇ ಈಗ ಕುತ್ತು ಬಂದಿದೆ. 2011ರ ಫೆಬ್ರುವರಿ 3ರಂದು ಸಂಖ್ಯೆಗಳ ಜಾಗತಿಕ ಭಂಡಾರದ ಕೊನೆಯ ಭಾಗಗಳನ್ನು ಐದು ಪ್ರಾಂತೀಯ ಸಂಸ್ಥೆಗಳಿಗೆ ಹಂಚಿಕೊಟ್ಟರು. ಭಂಡಾರ ಬರಿದಾಯಿತು. ಆಮೇಲೆ ಬಂದ ಲಕ್ಷೋಪಲಕ್ಷ ಗ್ರಾಹಕರಿಗೆ ಸಂಖ್ಯೆ ಎಲ್ಲಿಂದ ತರುವುದು? ಸಂಪರ್ಕ ಒದಗಿಸುವವರು ಮನೆಯ ರೌಟರು ಮಾಡುತ್ತಿದ್ದ ಉಪಾಯವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ನೂರಾರು ಮನೆಗಳನ್ನು ಒಂದು ಸಂಖ್ಯೆಯ ಹಿಂದೆ ನಿಲ್ಲಿಸಿದರು. ಇದಕ್ಕಾಗಿ 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟರು. ಇದು ವಠಾರದೊಳಗೊಂದು ವಠಾರ. ಹೊರಗಿನ ಬಾಗಿಲು ಒದಗಿಸುವವರ ಕೈಯಲ್ಲಿದೆ; ನಮ್ಮ ಅತಿಥಿಗೆ ದಾರಿ ಬಿಡೆಂದು ಅದಕ್ಕೆ ಆಜ್ಞೆ ಕೊಡುವ ಅಧಿಕಾರ ನಮಗಿಲ್ಲ.

ಹೋಸ್ಟ್ ಸಾಲು ಇಲ್ಲಿ ಏಕೆ ನೆರವಾಗದು? ಅತಿಥಿಯು ಬಾಗಿಲನ್ನು ತಲುಪಿದ ಮೇಲಲ್ಲವೆ ಅವನ ಲಕೋಟೆಯನ್ನು ಓದುವುದು! ತಲುಪುವುದೇ ಸಾಧ್ಯವಿಲ್ಲದಿದ್ದರೆ ಹೆಸರು ನಿಷ್ಫಲ.

ಪರಿಹಾರಗಳು ಮೂರು. ಮೊದಲನೆಯದು, ಹೆಚ್ಚಿನ ಶುಲ್ಕವಿತ್ತು ಸ್ಥಿರವಾದ ಹೊರಸಂಖ್ಯೆಯನ್ನು ಪಡೆಯುವುದು. ಇದನ್ನು ಕೆಲವು ಸಂಸ್ಥೆಗಳು ಮಾತ್ರ ಒದಗಿಸುತ್ತವೆ. ಎರಡನೆಯದು, ಮನೆಯ ಯಂತ್ರವೇ ಹೊರಗಿನ ಬಾಡಿಗೆಯ ಯಂತ್ರವೊಂದಕ್ಕೆ ಸದಾ ಸಂಪರ್ಕವನ್ನು ಹಿಡಿದಿಟ್ಟು, ಅಲ್ಲಿಗೆ ಬಂದ ಅತಿಥಿಗಳನ್ನು ಆ ಸುರಂಗದ ಮೂಲಕ ಕರೆಸಿಕೊಳ್ಳುವುದು. ಇದು ನಡೆಯುತ್ತದೆ, ಆದರೆ ಬಾಗಿಲು ಮತ್ತೊಬ್ಬರದಾಗುತ್ತದೆ. ಮೂರನೆಯದೇ ನಿಜವಾದ ಪರಿಹಾರ: ಐಪಿಯ ಆರನೆಯ ಆವೃತ್ತಿ. ಇದರಲ್ಲಿ ಸಂಖ್ಯೆಗೆ 128 ಬಿಟ್‌ಗಳು. ಒಟ್ಟು ಸಂಖ್ಯೆಗಳು ಸುಮಾರು 34ರ ಮುಂದೆ ಮೂವತ್ತೇಳು ಸೊನ್ನೆಗಳನ್ನು ಬರೆದಷ್ಟು. ಮನೆಗೊಂದಲ್ಲ, ಮನೆಯ ಒಂದೊಂದು ಯಂತ್ರಕ್ಕೂ ಹೊರಗಿನ ಸಂಖ್ಯೆ ದೊರೆಯಬಲ್ಲದು. ಈ ಆವೃತ್ತಿಯ ಬಳಕೆಯಲ್ಲಿ ಭಾರತವು ಮುಂಚೂಣಿಯ ದೇಶಗಳಲ್ಲಿ ಒಂದು. ಆದರೂ ಹಳೆಯ ಸಂಖ್ಯೆಯನ್ನಷ್ಟೇ ಬಲ್ಲ ಓದುಗರು ಇನ್ನೂ ಇರುವವರೆಗೆ ಹೊಸದೊಂದನ್ನೇ ನೆಚ್ಚಿದ ತಾಣವು ಅವರಿಗೆ ಕಾಣಿಸದು.

ತೆರೆದ ಬಾಗಿಲಿನ ಹೊಣೆ

ಬಾಗಿಲು ತೆರೆದವನು ಕಾವಲನ್ನೂ ಇಡಬೇಕು. ತೆರೆದ ದ್ವಾರಗಳನ್ನು ಹುಡುಕುತ್ತ ಜಗತ್ತಿನ ಸಂಖ್ಯೆಗಳನ್ನೆಲ್ಲ ತಟ್ಟುವ ತಂತ್ರಾಂಶಗಳು ಹಗಲಿರುಳೂ ತಿರುಗುತ್ತಿರುತ್ತವೆ. ಆದುದರಿಂದ ಬೇಕಾದ ಎರಡು ದ್ವಾರಗಳ ಹೊರತು ಬೇರೆಯದನ್ನು ತೆರೆಯಕೂಡದು. ರೌಟರಿನ ಆಡಳಿತದ ಪುಟ ಹೊರಗೆ ಕಾಣಿಸಕೂಡದು. ತಂತ್ರಾಂಶಗಳನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಒಂದೇ ಯಂತ್ರದಲ್ಲಿ ಮೂರು ತಾಣಗಳಿರುವಾಗ ಒಂದರ ದೋಷದಿಂದ ಕಳ್ಳನು ಒಳನುಗ್ಗಿ ಉಳಿದೆರಡನ್ನೂ ಹಾಳುಮಾಡಬಲ್ಲನು. ಅದಕ್ಕಾಗಿ ಒಂದೊಂದು ತಾಣವನ್ನೂ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ ನಡೆಸಿ, ನಡುವೆ ಗೋಡೆ ಕಟ್ಟಬೇಕು. ಮೂಲ ಕಡತಗಳ ಪ್ರತಿಯೊಂದನ್ನು ಬೇರೆಡೆ ಇರಿಸಬೇಕು. ಸಂಪರ್ಕದ ಕರಾರಿನಲ್ಲಿ ಸರ್ವರ್ ನಡೆಸಲು ಅನುಮತಿಯಿದೆಯೆ ಎಂಬುದನ್ನು ಮೊದಲೇ ಓದಿಕೊಳ್ಳುವುದೂ ಉಚಿತ.

ಮಾಡಿ ನೋಡಿ

ಬಾಗಿಲು ತೆರೆಯದೆಯೇ ಈ ತತ್ತ್ವವನ್ನು ಪರೀಕ್ಷಿಸಬಹುದು. ಪ್ರತಿಯೊಂದು ಗಣಕಯಂತ್ರದಲ್ಲಿಯೂ ಹೋಸ್ಟ್ಸ್ ಎಂಬ ಕಡತವೊಂದಿರುತ್ತದೆ. ಅದು ಸ್ಟ್ಯಾನ್‌ಫರ್ಡಿನ ಹಳೆಯ ಪಟ್ಟಿಯ ವಂಶಸ್ಥ. ಅದರಲ್ಲಿ ನಮ್ಮ ಮೂರು ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದು, ಮೂರರ ಮುಂದೆಯೂ 127.0.0.1 ಎಂಬ ಸಂಖ್ಯೆಯನ್ನು ಕೊಡಿ. ಆ ಸಂಖ್ಯೆಯ ಅರ್ಥ 'ಈ ಯಂತ್ರವೇ' ಎಂದು. ಅಪಾಚೆ ಅಥವಾ ಎಂಜಿನ್‌ಎಕ್ಸ್ ತಂತ್ರಾಂಶದಲ್ಲಿ ಮೂರು ಹೆಸರುಗಳಿಗೆ ಮೂರು ಪುಟಗಳನ್ನು ಗೊತ್ತುಮಾಡಿ. ಬ್ರೌಸರಿನಲ್ಲಿ ಒಂದೊಂದೇ ಹೆಸರನ್ನು ಕೇಳಿದರೆ ಬೇರೆ ಬೇರೆ ಪುಟಗಳು ಬರುವುವು. ಕೊನೆಗೆ ಹೆಸರನ್ನು ಬಿಟ್ಟು 127.0.0.1 ಎಂದಷ್ಟೇ ಬರೆಯಿರಿ. ಸಾಮಾನ್ಯವಾಗಿ ಮೊದಲು ಗೊತ್ತುಮಾಡಿದ ತಾಣವೇ ಬರುವುದು. ಹೆಸರಿಲ್ಲದ ಕಾಗದವನ್ನು ಅಂಚೆಯವನು ಮೊದಲ ಮನೆಯಲ್ಲಿ ಕೊಟ್ಟುಹೋದದ್ದು ನೆನಪಾಗುವುದಲ್ಲವೆ?

ಬರ್ನರ್ಸ್-ಲೀ ಅವರ ಮೇಜಿನ ಮೇಲೆ ಹುಟ್ಟಿದ ಜಾಲದಲ್ಲಿ ಓದುವ ಯಂತ್ರಕ್ಕೂ ಕೊಡುವ ಯಂತ್ರಕ್ಕೂ ಭೇದವಿರಲಿಲ್ಲ. ಯಾವ ಮೇಜಾದರೂ ಪ್ರಕಾಶನಾಲಯವಾಗಬಹುದಾಗಿತ್ತು. ಸಂಖ್ಯೆಗಳ ಬರದಿಂದ ಇಂದು ಬಹುಪಾಲು ಮನೆಗಳು ಹೊರಗೆ ಹೋಗಬಲ್ಲವು, ಆದರೆ ಅತಿಥಿಗಳನ್ನು ಬರಮಾಡಿಕೊಳ್ಳಲಾರವು. ನಮ್ಮ ಮನೆಯ ರೌಟರಿನ ಪುಟದಲ್ಲಿ ಕಾಣುವ ಹೊರಸಂಖ್ಯೆ 100.64ರಿಂದ 100.127ರ ನಡುವೆ ಇದೆಯೆ ಎಂಬುದನ್ನು ವಿದ್ಯಾರ್ಥಿಗಳು ಇಂದೇ ನೋಡಬಹುದು. ತಮ್ಮ ಮನೆಗೆ ಬೀದಿಯ ಬಾಗಿಲು ಇದೆಯೆ, ಇಲ್ಲವೆ ಎಂಬುದು ಅದರಿಂದ ತಿಳಿಯತೊಡಗುತ್ತದೆ.